ಲಸಿಕೆ ಸೀಸೆಯ ಮೇಲಿನ ಪುಟ್ಟ ಚೌಕ

ಔಷಧಿ ಅಂಗಡಿಯಿಂದ ಸೀಸೆ ತಂದವರು ಮೊದಲು ನೋಡುವುದು ಅವಧಿ ಮುಗಿಯುವ ದಿನಾಂಕವನ್ನು. ದಿನಾಂಕ ದಾಟಿಲ್ಲವೆಂದರೆ ಔಷಧಿ ಸರಿಯಾಗಿದೆ ಎಂದು ನಂಬುತ್ತಾರೆ. ಆದರೆ ಆ ದಿನಾಂಕದ ಹಿಂದೆ ಒಂದು ಷರತ್ತು ಅಡಗಿದೆ. ತಯಾರಕರು ಹೇಳಿದ ತಂಪಿನಲ್ಲಿ ಸೀಸೆಯನ್ನು ಇಟ್ಟಿದ್ದರೆ ಮಾತ್ರ ಆ ದಿನಾಂಕಕ್ಕೆ ಬೆಲೆ. ದಾರಿಯಲ್ಲಿ ಲಾರಿ ಕೆಟ್ಟು ಬಿಸಿಲಿನಲ್ಲಿ ನಿಂತಿತೆ, ಉಗ್ರಾಣದಲ್ಲಿ ರಾತ್ರಿಯಿಡೀ ಕರೆಂಟು ಇರಲಿಲ್ಲವೆ ಎಂಬುದನ್ನು ದಿನಾಂಕ ಹೇಳಲಾರದು. ಅದು ಕಾಲವನ್ನು ಲೆಕ್ಕ ಹಾಕುತ್ತದೆಯೇ ಹೊರತು ಪಟ್ಟ ಪಾಡನ್ನಲ್ಲ.

ಬಹುತೇಕ ಸರಕುಗಳ ವಿಷಯದಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ಹಾಲು ಕೆಟ್ಟರೆ ಒಡೆಯುತ್ತದೆ, ಮೀನು ಕೆಟ್ಟರೆ ನಾರುತ್ತದೆ. ಲಸಿಕೆ ಹಾಗಲ್ಲ. ಶಾಖ ತಗುಲಿ ಸತ್ತ ಪೋಲಿಯೊ ಲಸಿಕೆಗೂ ಸತ್ವವುಳ್ಳ ಲಸಿಕೆಗೂ ಬಣ್ಣದಲ್ಲಾಗಲೀ ವಾಸನೆಯಲ್ಲಾಗಲೀ ವ್ಯತ್ಯಾಸ ಕಾಣುವುದಿಲ್ಲ. ಕೆಟ್ಟ ಹನಿ ಕುಡಿದ ಮಗು ಆ ದಿನ ಎಲ್ಲ ಮಕ್ಕಳಂತೆಯೇ ಆಡುತ್ತದೆ. ತಾಯಿಯ ಕೈಯಲ್ಲಿರುವ ಕಾರ್ಡಿನಲ್ಲಿ ಗುರುತು ಬೀಳುತ್ತದೆ. ಮಗುವಿಗೆ ರಕ್ಷಣೆಯೇ ಸಿಕ್ಕಿಲ್ಲ ಎಂಬ ಸಂಗತಿ ಹೊರಬೀಳುವುದು ರೋಗ ಬಂದಾಗ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಈ ಕುರುಡುತನವನ್ನು ನೀಗಿಸಿದ್ದು ಯಾವ ದೊಡ್ಡ ಯಂತ್ರವೂ ಅಲ್ಲ. ಬೆರಳ ತುದಿಗಿಂತ ಚಿಕ್ಕದಾದ ಒಂದು ಗುರುತು; ನೇರಳೆ ವೃತ್ತದೊಳಗೆ ಒಂದು ತಿಳಿಬಣ್ಣದ ಚೌಕ. ಅದು ಸೀಸೆಯ ಮೇಲೆ ಬಂದು ಕೂರಲು ಎರಡು ಶತಮಾನಗಳ ಹಿನ್ನೆಲೆಯಿದೆ.

ತೋಳಿನಿಂದ ತೋಳಿಗೆ

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಗೋವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಪ್ರಯೋಗ ಮಾಡಿದ್ದು 1796ರಲ್ಲಿ. ಲಸಿಕೆಯೇನೋ ಸಿಕ್ಕಿತು, ಅದನ್ನು ಕೆಡದಂತೆ ದೂರ ದೇಶಗಳಿಗೆ ಕಳುಹಿಸುವುದು ಹೇಗೆಂಬ ಪ್ರಶ್ನೆಯೂ ಅದರ ಬೆನ್ನಿಗೇ ಹುಟ್ಟಿತು. ಕೀವಿನಲ್ಲಿ ನೆನೆಸಿ ಒಣಗಿಸಿದ ದಾರವನ್ನು ಗಾಜಿನ ನಡುವೆ ಇಟ್ಟು ಮೊಹರು ಮಾಡಿ ಕಳುಹಿಸುತ್ತಿದ್ದರು. ತಂಪು ನಾಡುಗಳಲ್ಲಿ ಈ ಉಪಾಯ ಒಂದಿಷ್ಟು ಫಲಿಸಿತು. ಭಾರತದ ಕಡೆ ಹೊರಟ ದಾರಗಳು ಸಮುದ್ರದ ಸೆಕೆಯಲ್ಲಿ ನಿಸ್ಸತ್ವವಾಗುತ್ತಿದ್ದವು.

ಕೊನೆಗೆ ವಿಯೆನ್ನಾದ ವೈದ್ಯ ಜಾನ್ ಡಿ ಕಾರೊ ಕಳುಹಿಸಿದ ಲಸಿಕೆ ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿ ಮುಟ್ಟಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಿದ ಲಸಿಕೆ ಫಲಕೊಟ್ಟಿತು. ಆ ಮಗುವಿನ ತೋಳಿನ ಗುಳ್ಳೆಯಿಂದ ತೆಗೆದ ರಸವನ್ನು ಬೇರೆ ಮಕ್ಕಳಿಗೆ, ಆ ಮಕ್ಕಳಿಂದ ಮತ್ತೆ ಬೇರೆಯವರಿಗೆ ಹಾಕುತ್ತಾ ಹೋದರು. ಹೀಗೆ ತೋಳಿನಿಂದ ತೋಳಿಗೆ ದಾಟುತ್ತಾ ಲಸಿಕೆ ದೇಶದ ಒಳನಾಡಿಗೂ ದಕ್ಷಿಣಕ್ಕೂ ಇಳಿಯಿತು. ಮರುವರ್ಷ ಸ್ಪೇನಿನಿಂದ ಅಮೆರಿಕದ ವಸಾಹತುಗಳಿಗೆ ಹೊರಟ ಬಾಲ್ಮಿಸ್ ಎಂಬ ವೈದ್ಯನ ಹಡಗಿನಲ್ಲಿ 22 ಅನಾಥ ಬಾಲಕರಿದ್ದರು. ದಾರಿಯುದ್ದಕ್ಕೂ ಸರದಿಯ ಮೇಲೆ ಅವರ ತೋಳುಗಳಲ್ಲಿ ಲಸಿಕೆಯನ್ನು ಜೀವಂತವಾಗಿ ಉಳಿಸಿಕೊಳ್ಳಲಾಯಿತು. ಮಕ್ಕಳ ಮೈಯೇ ಆಗ ಲಸಿಕೆಯ ಪೆಟ್ಟಿಗೆ.

ಈ ಕಥೆಯ ಒಂದು ಎಳೆ ಮೈಸೂರಿಗೂ ಬರುತ್ತದೆ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಮೂವರು ಮಹಿಳೆಯರ ತೈಲಚಿತ್ರವೊಂದನ್ನು ಬರೆದಿದ್ದಾನೆ. ಬಲಬದಿಯ ಯುವತಿ ಸೀರೆಯ ಸೆರಗನ್ನು ಸರಿಸಿ ತೋಳು ತೋರುವಂತಿದ್ದಾಳೆ. ಇವರು ಮೈಸೂರು ಅರಮನೆಯ ರಾಣಿಯರು, ಆ ಯುವತಿ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ಆಕೆ ತೋರುತ್ತಿರುವುದು ಲಸಿಕೆ ಹಾಕಿದ ಜಾಗವನ್ನು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಹೊಸ ಚಿಕಿತ್ಸೆಗೆ ಹಿಂಜರಿಯುತ್ತಿದ್ದ ಜನರಲ್ಲಿ ಧೈರ್ಯ ತುಂಬಲು ಈ ಚಿತ್ರ ಬರೆಸಲಾಯಿತು ಎಂದು ಅವರು ಅರ್ಥೈಸುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಳಬರು ‘ಮೈಲಿ ಹಾಕಿಸುವುದು’ ಎನ್ನುತ್ತಿದ್ದ ಸಿಡುಬಿನ ಲಸಿಕೆ ತನ್ನ ಸಾಕ್ಷಿಯನ್ನು ತಾನೇ ಹೇಳುತ್ತಿತ್ತು. ಲಸಿಕೆಯಲ್ಲಿ ಸತ್ವವಿದ್ದರೆ ಒಂದು ವಾರದಲ್ಲಿ ತೋಳಿನ ಮೇಲೆ ಗುಳ್ಳೆ ಏಳುತ್ತಿತ್ತು, ಒಣಗಿದ ಮೇಲೆ ಜೀವಮಾನದ ಕಲೆ ಉಳಿಯುತ್ತಿತ್ತು. ಗುಳ್ಳೆ ಏಳದಿದ್ದರೆ ಮತ್ತೊಮ್ಮೆ ಹಾಕಬೇಕೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸಾಗಣೆಯಲ್ಲಿ ಕೆಟ್ಟ ಮಾಲು ಎಂಟು ದಿನಗಳಲ್ಲಿ ಸಿಕ್ಕಿಬೀಳುತ್ತಿತ್ತು.

ಕಾಲಕ್ರಮದಲ್ಲಿ ಮಕ್ಕಳ ತೋಳಿನ ಬದಲು ಕರುಗಳ ಚರ್ಮದಿಂದ ಲಸಿಕೆ ತಯಾರಾಗತೊಡಗಿತು. 20ನೇ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ಲಸಿಕಾ ಸಂಸ್ಥೆಯೂ ಸಿಡುಬಿನ ಲಸಿಕೆ ತಯಾರಿಸುತ್ತಿತ್ತು. ಆದರೆ ದ್ರವರೂಪದ ಲಸಿಕೆ ಬಿಸಿಲಿಗೆ ಬಾಳುತ್ತಿರಲಿಲ್ಲ. 1950ರ ದಶಕದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ ಲಸಿಕೆಯನ್ನು ಘನೀಕರಿಸಿ ಒಣಗಿಸುವ ವಿಧಾನವನ್ನು ದೊಡ್ಡ ಪ್ರಮಾಣದ ತಯಾರಿಕೆಗೆ ಒಗ್ಗಿಸಿದರು. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಾಲ್ಕು ವಾರ ಇಟ್ಟರೂ ಸತ್ವ ಉಳಿಯಬೇಕೆಂಬುದು ಇಂತಹ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಷರತ್ತು. ಐಸ್ ಇಲ್ಲದ ಹಳ್ಳಿಗಳಿಗೂ ಲಸಿಕೆ ಕೊಂಡೊಯ್ಯಲು ಇದರಿಂದ ಸಾಧ್ಯವಾಯಿತು. ಭಾರತದ ಕೊನೆಯ ಸಿಡುಬು ಪ್ರಕರಣ ವರದಿಯಾದದ್ದು 1975ರ ಮೇ ತಿಂಗಳಿನಲ್ಲಿ. 1980ರಲ್ಲಿ ಇಡೀ ಪ್ರಪಂಚ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು.

ಶೀತಲ ಸರಪಳಿಯ ಕತ್ತಲು

ಸಿಡುಬಿನ ಮೇಲಿನ ಗೆಲುವಿನ ನಡುವೆಯೇ, 1974ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಇತರ ರೋಗಗಳ ವಿರುದ್ಧ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭಿಸಿತು. ಭಾರತದಲ್ಲಿ ಅದು ಕಾಲಿಟ್ಟಿದ್ದು 1978ರಲ್ಲಿ. 1985ರಲ್ಲಿ ಅದೇ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. ಪೋಲಿಯೊ, ದಡಾರ, ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು, ಕ್ಷಯ ಈ ಪಟ್ಟಿಯಲ್ಲಿದ್ದವು. ಇವುಗಳಿಗೆ ಬೇಕಾದ ಲಸಿಕೆಗಳು ಸಿಡುಬಿನ ಒಣ ಲಸಿಕೆಯಷ್ಟು ಗಟ್ಟಿಯಾಗಿರಲಿಲ್ಲ. ಬಾಯಿಗೆ ಹಾಕುವ ಪೋಲಿಯೊ ಹನಿಯಂತೂ ಎಲ್ಲಕ್ಕಿಂತ ನಾಜೂಕು. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಬೇಸಿಗೆಯ ಸೆಕೆಯಲ್ಲಿ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಅದರ ಶಕ್ತಿ ಉಡುಗುತ್ತದೆ.

ಆದ್ದರಿಂದ ಕಾರ್ಖಾನೆಯಿಂದ ಮಗುವಿನ ಬಾಯಿಯವರೆಗೆ ತಂಪು ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ ಬೇಕಾಯಿತು. ಇದಕ್ಕೆ ಶೀತಲ ಸರಪಳಿ ಎಂದು ಹೆಸರು. ವಿಮಾನ ನಿಲ್ದಾಣದಿಂದ ರಾಜ್ಯದ ಉಗ್ರಾಣ, ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರ. ಜಿಲ್ಲೆಯವರೆಗೆ ಪೋಲಿಯೊ ಲಸಿಕೆ ಡೀಪ್ ಫ್ರೀಜರಿನಲ್ಲಿರುತ್ತದೆ. ಆರೋಗ್ಯ ಕೇಂದ್ರದಲ್ಲಿ 2ರಿಂದ 8 ಡಿಗ್ರಿ ತಂಪಿರುವ ಐಎಲ್‌ಆರ್ ಪೆಟ್ಟಿಗೆ. ಕೊನೆಯ ದಾರಿಗೆ ನಾಲ್ಕು ಐಸ್‌ಪ್ಯಾಕ್ ಇಟ್ಟ ವ್ಯಾಕ್ಸಿನ್ ಕ್ಯಾರಿಯರ್. ಅದನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ಹೋಗುವವರು ಆರೋಗ್ಯ ಸಹಾಯಕಿಯರು.

ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ. ಉಗ್ರಾಣಗಳಲ್ಲಿ ಥರ್ಮಾಮೀಟರ್ ಇತ್ತು, ದಿನಕ್ಕೆರಡು ಬಾರಿ ಉಷ್ಣತೆ ಬರೆದಿಡುವ ಪುಸ್ತಕವೂ ಇತ್ತು. ಆದರೆ ಪುಸ್ತಕ ಹೇಳುವುದು ಪೆಟ್ಟಿಗೆಯ ಕಥೆಯನ್ನು. ಒಂದೊಂದು ಸೀಸೆಯ ಕಥೆಯನ್ನಲ್ಲ. ಉಗ್ರಾಣದ ಲೆಕ್ಕದಲ್ಲಿ ಎಲ್ಲ ಸರಿಯಿದ್ದ ಸೀಸೆ ಬಸ್ ನಿಲ್ದಾಣದಲ್ಲಿ ಮೂರು ಗಂಟೆ ಬಿಸಿಲು ಕಂಡಿರಬಹುದು. ಆರೋಗ್ಯ ಸಹಾಯಕಿಗೆ ಅದನ್ನು ತಿಳಿಯುವ ಮಾರ್ಗವೇ ಇರಲಿಲ್ಲ.

ಇದರಿಂದ ಎರಡು ಬಗೆಯ ನಷ್ಟವಾಗುತ್ತಿತ್ತು. ಕೆಟ್ಟ ಲಸಿಕೆ ಒಳ್ಳೆಯದೆಂದು ಮಕ್ಕಳ ಬಾಯಿಗೆ ಬೀಳುತ್ತಿತ್ತು. ಅದಕ್ಕಿಂತ ಕಡಿಮೆ ಚರ್ಚೆಯಾದದ್ದು ಎರಡನೆಯ ನಷ್ಟ. ಅನುಮಾನ ಬಂದರೆ ಎಸೆದುಬಿಡಿ ಎಂಬುದೇ ನಿಯಮವಾಗಿದ್ದರಿಂದ ಸತ್ವವಿದ್ದ ಲಸಿಕೆಯೂ ಕಸಕ್ಕೆ ಸೇರುತ್ತಿತ್ತು. ಒಂದು ರಾತ್ರಿ ಕರೆಂಟು ಹೋದರೆ ಇಡೀ ಪೆಟ್ಟಿಗೆಯ ಮೇಲೆ ಸಂಶಯ. ಪೋಲಿಯೊದ ಒಂದು ಸೀಸೆಯಲ್ಲಿ 20 ಮಕ್ಕಳ ಪಾಲು ಇರುತ್ತದೆಂದರೆ ಈ ಸಂಶಯದ ಬೆಲೆ ಊಹಿಸಬಹುದು.

ಬಣ್ಣ ಬದಲಿಸುವ ರಸಾಯನ

1970ರ ದಶಕದ ಕೊನೆಯ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಇದಕ್ಕೆ ಉಪಾಯ ಹುಡುಕತೊಡಗಿದ್ದರು. ಅಮೆರಿಕದ ಸಿಯಾಟಲ್ ನಗರದಲ್ಲಿ 1977ರಲ್ಲಿ ಹುಟ್ಟಿದ ‘ಪಾಥ್’ ಎಂಬ ಲಾಭರಹಿತ ಸಂಸ್ಥೆ ಈ ಕೆಲಸವನ್ನು ಕೈಗೆತ್ತಿಕೊಂಡಿತು. ಅವರು ಹುಡುಕುತ್ತಿದ್ದುದು ಥರ್ಮಾಮೀಟರನ್ನಲ್ಲ. ಥರ್ಮಾಮೀಟರ್ ಈ ಕ್ಷಣದ ಉಷ್ಣತೆಯನ್ನು ಮಾತ್ರ ಹೇಳುತ್ತದೆ, ನಿನ್ನೆಯದನ್ನು ಮರೆತಿರುತ್ತದೆ. ಬೇಕಾಗಿದ್ದುದು ಪಟ್ಟ ಶಾಖವನ್ನೆಲ್ಲ ನೆನಪಿಟ್ಟುಕೊಂಡು ಕೂಡಿಸುತ್ತಾ ಹೋಗುವ ವಸ್ತು. ಅದು ಅಗ್ಗವಾಗಿರಬೇಕು, ಸೀಸೆಗೆ ಅಂಟಬೇಕು, ಅಕ್ಷರ ಬಾರದವರಿಗೂ ಅರ್ಥವಾಗಬೇಕು.

ಅಂತಹ ವಸ್ತು ಆಹಾರ ಪೊಟ್ಟಣಗಳ ತಾಜಾತನ ತೋರಿಸಲೆಂದು ಅಭಿವೃದ್ಧಿಯಾಗುತ್ತಿದ್ದ ರಸಾಯನಗಳಲ್ಲಿ ಸಿಕ್ಕಿತು. ಡೈಅಸಿಟಿಲೀನ್ ಎಂಬ ವರ್ಗದ ಈ ರಸಾಯನ ಮೊದಲು ತಿಳಿಬಣ್ಣದಲ್ಲಿರುತ್ತದೆ. ಶಾಖ ತಗುಲಿದಂತೆ ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಇದನ್ನು ಹಾಲಿಗೆ ಹೆಪ್ಪು ಹಾಕುವುದಕ್ಕೆ ಹೋಲಿಸಬಹುದು. ಬೇಸಿಗೆಯಲ್ಲಿ ಮೊಸರು ಬೇಗ ಹುಳಿಯಾಗುತ್ತದೆ, ಚಳಿಗಾಲದಲ್ಲಿ ನಿಧಾನ. ಹುಳಿ ಬಂದ ಮೊಸರನ್ನು ಫ್ರಿಜ್ಜಿನಲ್ಲಿಟ್ಟರೆ ಹುಳಿ ಏರುವುದು ತಡವಾದೀತೇ ಹೊರತು ಇಳಿಯುವುದಿಲ್ಲ. ಈ ಬಣ್ಣವೂ ಹಾಗೆಯೇ. ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಲಸಿಕೆ ಕೆಡುವ ರೀತಿಯೂ ಇದೇ ಆದ್ದರಿಂದ ಎರಡರ ನಡಿಗೆಯನ್ನು ಹೊಂದಿಸಲು ಸಾಧ್ಯವಾಯಿತು.

ಮೊದಲ ಪ್ರಯೋಗಗಳು ನಡೆದದ್ದು ದಡಾರ ಲಸಿಕೆಯ ಮೇಲೆ. ಕೊನೆಗೆ ಶಾಖಕ್ಕೆ ತೀರಾ ಬೇಗ ಕೆಡುವ ಪೋಲಿಯೊ ಲಸಿಕೆಯನ್ನೇ ಆರಿಸಿಕೊಳ್ಳಲಾಯಿತು. ನ್ಯೂಜೆರ್ಸಿಯ ಲೈಫ್‌ಲೈನ್ಸ್ ಟೆಕ್ನಾಲಜಿ ಎಂಬ ಕಂಪನಿ, ಮುಂದೆ ಟೆಂಪ್‌ಟೈಮ್ ಎಂದು ಹೆಸರು ಬದಲಿಸಿಕೊಂಡದ್ದು, ಈ ಗುರುತನ್ನು ತಯಾರಿಸಿತು. ಯುನಿಸೆಫ್ ಖರೀದಿಸುವ ಪೋಲಿಯೊ ಲಸಿಕೆಯ ಸೀಸೆಗಳ ಮೇಲೆ 1996ರಿಂದ ಅದು ಕಾಣಿಸಿಕೊಂಡಿತು. ಆಲೋಚನೆ ಮೊಳೆತು ಕೈಗೆ ಬರಲು ಸುಮಾರು ಒಂದೂವರೆ ದಶಕ ಹಿಡಿದಿತ್ತು. ಗುರುತು ಒದಗಿಸುವವರು ಒಬ್ಬರೇ ಇದ್ದುದು ಲಸಿಕೆ ಕಂಪನಿಗಳನ್ನು ಅಳುಕಿಸಿತ್ತು. ಉಳಿದ ಲಸಿಕೆಗಳಿಗೂ ಇದನ್ನು ಅಳವಡಿಸಬೇಕೆಂದು 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಕರೆ ನೀಡಿದವು.

ಇದರ ಅಧಿಕೃತ ಹೆಸರು ವ್ಯಾಕ್ಸಿನ್ ವಯಲ್ ಮಾನಿಟರ್, ಚಿಕ್ಕದಾಗಿ ವಿವಿಎಂ. ಓದುವ ವಿಧಾನ ಸರಳ. ಹೊರಗಿನ ವೃತ್ತದ ನೇರಳೆ ಬಣ್ಣ ಹೋಲಿಕೆಗಾಗಿ ಇರುವುದು. ಒಳಗಿನ ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾದರೆ ಅಥವಾ ಅದಕ್ಕಿಂತ ಗಾಢವಾದರೆ ಸೀಸೆಯನ್ನು ಬದಿಗಿಡಬೇಕು.

ಎಲ್ಲ ಲಸಿಕೆಗಳ ತಾಳಿಕೆ ಒಂದೇ ಅಲ್ಲವಾದ್ದರಿಂದ ಗುರುತಿನಲ್ಲೂ ಬಗೆಗಳಿವೆ: 2, 7, 14, 30. ಇವು 37 ಡಿಗ್ರಿ ಶಾಖದಲ್ಲಿ ಚೌಕ ಪೂರ್ತಿ ಬಣ್ಣಗೂಡಲು ಬೇಕಾಗುವ ದಿನಗಳು. ಪೋಲಿಯೊ ಹನಿಯದು 2ನೇ ಬಗೆ, ಗಟ್ಟಿಯಾದ ಹೆಪಟೈಟಿಸ್ ಬಿ ಲಸಿಕೆಯದು 30. ಎರಡೇ ದಿನ ಬಾಳುವ ಅದೇ ಪೋಲಿಯೊ ಗುರುತು 5 ಡಿಗ್ರಿ ತಂಪಿನಲ್ಲಿ 225 ದಿನ ಬಾಳುತ್ತದೆ. ಒಂದು ಸ್ವಾರಸ್ಯವೆಂದರೆ, ಶಾಖದ ಲೆಕ್ಕವಿಡುವ ಈ ಗುರುತನ್ನೂ ಸೀಸೆಗೆ ಅಂಟಿಸುವವರೆಗೆ ಹೆಪ್ಪುಗಟ್ಟುವ ತಂಪಿನಲ್ಲಿಯೇ ಕಾಪಾಡಬೇಕು. ಇಲ್ಲದಿದ್ದರೆ ಲಸಿಕೆಗಿಂತ ಮೊದಲೇ ಅದರ ಎಣಿಕೆ ಶುರುವಾಗಿಬಿಡುತ್ತದೆ.

ಮನೆ ಬಾಗಿಲಿನ ತೀರ್ಮಾನ

ಭಾರತದಲ್ಲಿ ಪಲ್ಸ್ ಪೋಲಿಯೊ ಆರಂಭವಾದದ್ದು 1995ರಲ್ಲಿ. ಒಂದೇ ದಿನ ಕೋಟ್ಯಂತರ ಮಕ್ಕಳಿಗೆ ಹನಿ ಹಾಕುವ ಈ ಕಾರ್ಯಕ್ರಮ ಬೂತಿನಿಂದ ಮನೆ ಬಾಗಿಲಿಗೂ ಹೋಯಿತು. ಇಟ್ಟಿಗೆ ಗೂಡು, ರೈಲು ನಿಲ್ದಾಣ, ಅಲೆಮಾರಿಗಳ ಬಿಡಾರ ಯಾವುದನ್ನೂ ಬಿಡುವಂತಿರಲಿಲ್ಲ. ದಿನಕ್ಕೆ ನೂರಾರು ಬಾರಿ ಕ್ಯಾರಿಯರಿನ ಮುಚ್ಚಳ ತೆರೆದರೆ ಐಸ್ ಎಷ್ಟು ಹೊತ್ತು ಉಳಿದೀತು? ಗುರುತಿದ್ದ ಸೀಸೆಗಳು ಬಂದ ಮೇಲೆ ಆ ಆತಂಕ ಬಹುಮಟ್ಟಿಗೆ ತಗ್ಗಿತು. ಐಸ್ ಕರಗಿದ್ದರೂ ಚೌಕ ತಿಳಿಯಾಗಿದ್ದರೆ ಹನಿ ಹಾಕಬಹುದು. ಆಫ್ರಿಕದ ಮಾಲಿ ದೇಶದಲ್ಲಿ ಐಸ್ ಇಲ್ಲದೆಯೇ ಪೋಲಿಯೊ ಲಸಿಕೆ ಕೊಂಡೊಯ್ದು ನಡೆಸಿದ ಪರೀಕ್ಷೆಯೊಂದರ ವರದಿ 2010ರಲ್ಲಿ ಪ್ರಕಟವಾಯಿತು. ಸುಡುಬಿಸಿಲಿನ ಆ ಸೀಮೆಯಲ್ಲೂ ಸೀಸೆಗಳ ಚೌಕ ಎಸೆಯುವ ಹಂತ ಮುಟ್ಟಿರಲಿಲ್ಲ.

ಹಾಗೆಂದು ಪೋಲಿಯೊ ವಿರುದ್ಧದ ಗೆಲುವನ್ನು ಈ ಗುರುತಿನ ಲೆಕ್ಕಕ್ಕೇ ಬರೆಯುವುದು ತಪ್ಪಾಗುತ್ತದೆ. ಮೂರು ಬಾರಿ ಹನಿ ಹಾಕಿಸಿಕೊಂಡ ಮಕ್ಕಳಲ್ಲೂ ನಮ್ಮ ದೇಶದಲ್ಲಿ ಪೋಲಿಯೊ ಕಾಣಿಸಿಕೊಂಡಾಗ ಮೊದಲ ಅನುಮಾನ ಹೋಗುತ್ತಿದ್ದುದು ಶೀತಲ ಸರಪಳಿಯ ಮೇಲೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್ ಬೇರೊಂದು ಸತ್ಯವನ್ನು ತೋರಿಸಿದರು. ಸತ್ವವುಳ್ಳ ಲಸಿಕೆಯೇ ಆದರೂ ಪಾಶ್ಚಾತ್ಯ ದೇಶಗಳ ಮಕ್ಕಳಲ್ಲಿ ಹತ್ತುವಷ್ಟು ಚೆನ್ನಾಗಿ ಇಲ್ಲಿನ ಮಕ್ಕಳಲ್ಲಿ ಹತ್ತುತ್ತಿರಲಿಲ್ಲ. ಮತ್ತೆ ಮತ್ತೆ ಹನಿ ಹಾಕುವುದೇ ಇದಕ್ಕೆ ದಾರಿಯಾಯಿತು. ಸೀಸೆಯ ಮೇಲೆ ಗುರುತು ಬಂದ ಮೇಲೆ ಕನಿಷ್ಠ ಒಂದು ಪ್ರಶ್ನೆಗೆ ತೆರೆ ಬಿತ್ತು. ಲಸಿಕೆ ಶಾಖಕ್ಕೆ ಕೆಟ್ಟಿತ್ತೇ ಎಂಬುದನ್ನು ಕಣ್ಣಾರೆ ನೋಡಿ ಹೇಳಬಹುದಾಗಿತ್ತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ದೇಶದ ಕೊನೆಯ ವನ್ಯ ಪೋಲಿಯೊ ಪ್ರಕರಣ ದಾಖಲಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ಚೌಕ ಹೇಳದ ಸಂಗತಿ

ಈ ಗುರುತಿಗೂ ಮಿತಿಯಿದೆ. ಅದು ಶಾಖವನ್ನು ಬಲ್ಲದು, ಅತಿ ತಂಪನ್ನು ಅರಿಯದು. ಧನುರ್ವಾಯು, ಹೆಪಟೈಟಿಸ್ ಬಿ ಮುಂತಾದ ಲಸಿಕೆಗಳಿಗೆ ಶಾಖಕ್ಕಿಂತ ಹೆಪ್ಪುಗಟ್ಟುವುದೇ ಮಾರಕ. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣ ಒಮ್ಮೆ ಹೆಪ್ಪುಗಟ್ಟಿದರೆ ಗಂಟುಕಟ್ಟಿ ಲಸಿಕೆ ಕೆಲಸಕ್ಕೆ ಬಾರದಾಗುತ್ತದೆ. ಶಾಖದ ಭಯದಿಂದ ಸೀಸೆಗಳನ್ನು ಐಸಿಗೆ ಒತ್ತಿಟ್ಟು ಕೆಡಿಸಿದ ಉದಾಹರಣೆಗಳು ಅನೇಕ. ಇಂಡೋನೇಷ್ಯಾದಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಸಾಗಣೆಯನ್ನು ಬೆನ್ನುಹತ್ತಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಪರೀಕ್ಷಿಸಿದ ರವಾನೆಗಳಲ್ಲಿ ಶೇ 75ರಷ್ಟು ದಾರಿಯಲ್ಲಿ ಎಲ್ಲೋ ಒಂದು ಕಡೆ ಹೆಪ್ಪುಗಟ್ಟುವ ತಂಪನ್ನು ಕಂಡಿದ್ದವು. ಇದನ್ನು ಪತ್ತೆ ಮಾಡಲು ಆರೋಗ್ಯ ಸಹಾಯಕಿಯರು ಬಳಸುವುದು ಕುಲುಕು ಪರೀಕ್ಷೆ. ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಸೀಸೆಯನ್ನೂ ಅನುಮಾನವಿರುವ ಸೀಸೆಯನ್ನೂ ಒಟ್ಟಿಗೆ ಕುಲುಕಿ ಇಡುತ್ತಾರೆ. ಎರಡರಲ್ಲೂ ಗಸಿ ಒಂದೇ ವೇಗದಲ್ಲಿ ಕೆಳಗಿಳಿದರೆ ಅನುಮಾನ ನಿಜವೆಂದೇ ಅರ್ಥ.

ಗುರುತಿನ ಬಲದ ಮೇಲೆ ಹೊಸ ದಾರಿಗಳೂ ತೆರೆದುಕೊಂಡಿವೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಆಫ್ರಿಕಕ್ಕಾಗಿ ತಯಾರಿಸಿದ ಮಿದುಳುಪೊರೆ ಉರಿಯೂತದ ಲಸಿಕೆಗೆ 40 ಡಿಗ್ರಿಯವರೆಗಿನ ಶಾಖದಲ್ಲಿ ನಾಲ್ಕು ದಿನ ಹೊರಗಿರಲು 2012ರಲ್ಲಿ ಒಪ್ಪಿಗೆ ದೊರೆಯಿತು. ಬೆನಿನ್ ದೇಶದ ಹಳ್ಳಿಗಳಲ್ಲಿ ಮೊದಲ ಬಾರಿಗೆ ಅದನ್ನು ಐಸ್ ಇಲ್ಲದೆ ಕೊಂಡೊಯ್ದರು. ಭಾರತದಲ್ಲಿ 2015ರಿಂದ ‘ಇವಿನ್’ ಎಂಬ ಜಾಲ ಲಸಿಕೆ ಪೆಟ್ಟಿಗೆಗಳ ಉಷ್ಣತೆಯನ್ನು ಮೊಬೈಲಿಗೆ ತಲುಪಿಸುತ್ತಿದೆ. ತಂಪು ತಪ್ಪಿದರೆ ಎಚ್ಚರಿಕೆಯ ಸಂದೇಶ ಬರುತ್ತದೆ. ಆದರೂ ಜಾಲದ ಕಣ್ಣಿರುವುದು ಪೆಟ್ಟಿಗೆಯ ಮೇಲೆ. ಪೆಟ್ಟಿಗೆಯಿಂದ ಹೊರಬಿದ್ದ ಸೀಸೆಗೆ ಚೌಕವೇ ಗತಿ. ಕೋವಿಡ್ ಕಾಲದಲ್ಲಿ ತರಾತುರಿಯಿಂದ ಬಂದ ಲಸಿಕೆಗಳ ಮೇಲೆ ಈ ಗುರುತು ಇಲ್ಲದಿರಬಹುದು, ಅದರಿಂದ ಹಿಂಜರಿಯಬೇಡಿ ಎಂದು ಕೇಂದ್ರದ ಮಾರ್ಗಸೂಚಿಯೇ ಲಸಿಕೆ ಹಾಕುವವರಿಗೆ ಹೇಳಬೇಕಾಯಿತು. ಗುರುತು ನೋಡಿ ತೀರ್ಮಾನಿಸುವುದು ಅಷ್ಟರಮಟ್ಟಿಗೆ ಅವರಿಗೆ ರೂಢಿಯಾಗಿತ್ತು.

ಲಸಿಕೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅದನ್ನು ಕಂಡುಹಿಡಿದವರ ಹೆಸರು ಹೇಳಿ ನಿಲ್ಲುತ್ತಾರೆ. ಕಂಡುಹಿಡಿದ ಲಸಿಕೆ ಕೆಡದೆ ತಲುಪಿತೇ ಎಂಬ ಪ್ರಶ್ನೆಗೂ ಅಷ್ಟೇ ಮಹತ್ವವಿದೆ. ಇನ್ನೂರು ವರ್ಷಗಳ ಹಿಂದೆ ಆ ಪ್ರಶ್ನೆಗೆ ಮಗುವಿನ ತೋಳಿನ ಗುಳ್ಳೆ ಉತ್ತರ ಹೇಳುತ್ತಿತ್ತು, ಅದೂ ಲಸಿಕೆ ಹಾಕಿ ವಾರ ಕಳೆದ ಮೇಲೆ. ಈಗ ಆ ಉತ್ತರ ಲಸಿಕೆ ಹಾಕುವ ಮೊದಲೇ ಸಿಗುತ್ತದೆ. ಉಗ್ರಾಣದ ಅಧಿಕಾರಿಯ ಕಡತಕ್ಕೆ ಕಾಯದೆ, ಬಿಸಿಲಲ್ಲಿ ನಡೆದು ಬಂದ ಆರೋಗ್ಯ ಸಹಾಯಕಿಯೇ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಹಾಕಬೇಕೇ ಬಿಡಬೇಕೇ ಎಂದು ನಿರ್ಧರಿಸುತ್ತಾಳೆ. ಆಕೆ ಅದನ್ನು ತೋರಿಸಿದರೆ ಮಗುವಿನ ತಾಯಿಯೂ ಓದಬಲ್ಲಳು.